ಮೊದಲ ಪಂದ್ಯಕ್ಕೇ ಮನೆಗೆ

ಆಗಸ್ಟ್ ತಿಂಗಳಲ್ಲಿ ಮಳೆ ಎರಡು ದಿನ ಬಿಡುವು ಕೊಟ್ಟರೆ ಸಾಕು, ಹಾಸನ ಜಿಲ್ಲೆಯ ಯಾವುದಾದರೊಂದು ಹೋಬಳಿ ಕೇಂದ್ರದಲ್ಲಿ ಮೈಕು ಕೂಗುತ್ತಿರುತ್ತದೆ. ಇವತ್ತು ಕೊಣನೂರು, ನಾಳೆ ಹಳ್ಳಿಮೈಸೂರು, ನಾಡಿದ್ದು ನುಗ್ಗೇಹಳ್ಳಿ, ಆಮೇಲೆ ದುದ್ದವೋ ಶಾಂತಿಗ್ರಾಮವೋ. ಸುತ್ತಲಿನ ಶಾಲೆಗಳ ಮಕ್ಕಳು ಬಸ್ಸಿನಲ್ಲಿ, ಆಟೋದಲ್ಲಿ, ಕೆಲವರು ನಡೆದುಕೊಂಡೇ ಬಂದು ಮೈದಾನದ ಅಂಚಿನ ಮರಗಳ ಕೆಳಗೆ ಶಾಲೆವಾರು ಗುಂಪಾಗಿ ಕೂರುತ್ತಾರೆ. ಪಥಸಂಚಲನ, ಧ್ವಜಾರೋಹಣ, ಕ್ರೀಡಾಜ್ಯೋತಿ, ಪ್ರತಿಜ್ಞೆ ಮುಗಿದ ಮೇಲೆ ಭಾಷಣ. ಮುಖ್ಯ ಅತಿಥಿ ಯಾವ ಪಕ್ಷದವರಿರಲಿ, ಯಾವ ಸೊಸೈಟಿ ಅಧ್ಯಕ್ಷರಿರಲಿ, ಹೇಳುವ ಮಾತು ಒಂದೇ: ಸೋಲು ಗೆಲುವು ಮುಖ್ಯವಲ್ಲ ಮಕ್ಕಳೇ, ಭಾಗವಹಿಸುವುದು ಮುಖ್ಯ.

ಮಾತಿನ ಬಗ್ಗೆ ನನಗೆ ತಕರಾರಿಲ್ಲ. ವೇದಿಕೆಯ ಪಕ್ಕದ ಮೇಜಿನ ಮೇಲೆ ಕಲ್ಲಿಟ್ಟು ಹಾರದಂತೆ ಒತ್ತಿಟ್ಟ ವೇಳಾಪಟ್ಟಿ ಅದಕ್ಕೆ ತದ್ವಿರುದ್ಧ ಹೇಳುತ್ತಿರುತ್ತದಲ್ಲ, ತಕರಾರು ಅದರ ಬಗ್ಗೆ. ಎಂಟು ಶಾಲೆಗಳ ಕಬಡ್ಡಿ ತಂಡ ಬಂದಿದ್ದರೆ, ಸೋತವರು ಹೊರಗೆ ಎಂಬ ನಾಕೌಟ್ ಪದ್ಧತಿಯಲ್ಲಿ ನಾಲ್ಕು ತಂಡ ಒಂದೇ ಪಂದ್ಯ ಆಡಿ ಮುಗಿಸುತ್ತವೆ. ಆ ಮಕ್ಕಳ ಆ ವರ್ಷದ ಕಬಡ್ಡಿ ಅಲ್ಲಿಗೆ ಸಮಾಪ್ತಿ.

ಹೊರಗಿನವರಿಗೆ ಈ ಕೂಟಗಳ ಏಣಿ ಅರ್ಥವಾಗಲೆಂದು ಸ್ವಲ್ಪ ವಿವರ. ಶಾಲಾ ಶಿಕ್ಷಣ ಇಲಾಖೆ ನಡೆಸುವ ಈ ಕೂಟಗಳು ಹೋಬಳಿಯಿಂದ ಶುರುವಾಗಿ ತಾಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂದು ಮೇಲೇರುತ್ತವೆ. ಕೊನೆಯ ಮೆಟ್ಟಿಲು ಸ್ಕೂಲ್ ಗೇಮ್ಸ್ ಫೆಡರೇಷನ್ ಆಫ್ ಇಂಡಿಯಾದ ರಾಷ್ಟ್ರೀಯ ಕೂಟ. ವಯಸ್ಸಿನ ಗಡಿ 14, 17, 19. ಹಿರಿಯ ಪ್ರಾಥಮಿಕ ಶಾಲೆಯ ಮಕ್ಕಳು ಮೊದಲನೆಯದರಲ್ಲಿ, ಪ್ರೌಢಶಾಲೆಯವರು ಎರಡನೆಯದರಲ್ಲಿ, ಪಿಯು ವಿದ್ಯಾರ್ಥಿಗಳದು ಬೇರೆಯೇ ಕೂಟ. ಓಟ, ಜಿಗಿತ, ಎಸೆತಗಳಲ್ಲಿ ಸಾಮಾನ್ಯವಾಗಿ ಮೊದಲ ಒಂದೆರಡು ಸ್ಥಾನ ಪಡೆದವರು ಮುಂದಿನ ಮೆಟ್ಟಿಲಿಗೆ ಹೋಗುತ್ತಾರೆ. ಗುಂಪು ಆಟದಲ್ಲಿ ಗೆದ್ದ ತಂಡ ಮಾತ್ರ. ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣಗಳಲ್ಲಿ ಗೆದ್ದವರು 30ರಿಂದ 40 ಕಿಲೋಮೀಟರ್ ದೂರದ ಹಾಸನಕ್ಕೆ ಬರಬೇಕು. ಅಲ್ಲಿ ಗೆದ್ದರೆ ಮೈಸೂರು ವಿಭಾಗ. ಅಂದರೆ ಮೈಸೂರು, ಮಂಡ್ಯ, ದಕ್ಷಿಣ ಕನ್ನಡ, ಉಡುಪಿಗಳಂಥ ಎದುರಾಳಿಗಳು.

ಏಣಿಯಲ್ಲಿ ದೋಷವಿಲ್ಲ. ಒಳ್ಳೆಯ ಓಟಗಾರ್ತಿಯನ್ನು ಹುಡುಕಿ ತೆಗೆಯುವುದಕ್ಕೆ ಇದಕ್ಕಿಂತ ಅಗ್ಗದ ಉಪಾಯ ಬೇರೆ ಇಲ್ಲ. ಆದರೆ ಅತಿ ಹೆಚ್ಚು ಮಕ್ಕಳು ನಿಲ್ಲುವುದು ಕೆಳಗಿನ ಮೆಟ್ಟಿಲ ಮೇಲೆ, ಅತಿ ಕಡಿಮೆ ಹಣ, ಹೊತ್ತು, ಗಮನ ಸಿಗುವುದೂ ಅದಕ್ಕೇ.

ಆ ಕೆಳಗಿನ ಮೆಟ್ಟಿಲನ್ನು ಕಟ್ಟುವವರು ಯಾರೆಂದು ನೋಡಬೇಕಾದರೆ ಕೂಟದ ಹಿಂದಿನ ದಿನ ಮಧ್ಯಾಹ್ನ ಹೋಗಬೇಕು. ನಾಲ್ಕೈದು ಜನ ಪಿಟಿ ಮೇಷ್ಟ್ರುಗಳು ಗೂಟ, ಹುರಿ, ಟೇಪು, ಸುಣ್ಣದ ಪುಡಿ ಹಿಡಿದು ಅಂಕಣ ಹಾಕುತ್ತಿರುತ್ತಾರೆ. ಹೋಬಳಿ ಶಾಲೆಯ ಮೈದಾನದಲ್ಲಿ 400 ಮೀಟರ್ ಟ್ರ್ಯಾಕ್ ಹಿಡಿಸುವುದಿಲ್ಲ, 200 ಮೀಟರಿನದೇ ಗತಿ. ಎರಡು ಬದಿಗೆ 40 ಮೀಟರಿನ ನೇರ ಗೆರೆ ಇಟ್ಟರೆ ಉಳಿದ 120 ಮೀಟರ್ ಎರಡು ಅರ್ಧವೃತ್ತಗಳಲ್ಲಿ ಬರಬೇಕು. ಅದಕ್ಕೆ ಸುಮಾರು 19.1 ಮೀಟರ್ ತ್ರಿಜ್ಯ. ಮಧ್ಯದಲ್ಲಿ ಗೂಟ ಹೊಡೆದು ಹುರಿ ಕಟ್ಟಿ ತಿರುಗಿದರೆ ವೃತ್ತ ಬಂತು. ಹತ್ತನೇ ತರಗತಿಯ ರೇಖಾಗಣಿತವನ್ನು ಇಷ್ಟು ಚೆನ್ನಾಗಿ ಬಳಸುವ ಇನ್ನೊಂದು ಜಾಗ ಶಾಲೆಯಲ್ಲಿದೆಯೋ ಇಲ್ಲವೋ. ಗಣಿತದ ಮೇಷ್ಟ್ರು ಅವತ್ತು ಮಕ್ಕಳನ್ನು ಹೊರಗೆ ಕರೆತಂದು ತೋರಿಸಬಾರದೇಕೆ ಎಂದು ನನಗೆ ಪ್ರತಿ ಸಲ ಅನ್ನಿಸುತ್ತದೆ.

ಇನ್ನೊಂದು ಕೌತುಕವಿದೆ. ಹೊರಗಿನ ಅಂಕಣದಲ್ಲಿ ಓಡುವವರಿಗೆ ತಿರುವಿನಲ್ಲಿ ದೂರ ಹೆಚ್ಚಾಗುವುದರಿಂದ ಅವರನ್ನು ಮುಂದೆ ನಿಲ್ಲಿಸಬೇಕು. ಪಿಟಿ ಮೇಷ್ಟ್ರುಗಳ ಭಾಷೆಯಲ್ಲಿ ಸ್ಟ್ಯಾಗರ್. ಒಂದು ಅಂಕಣದ ಅಗಲ 1.22 ಮೀಟರ್. ಒಂದು ಪೂರ್ತಿ ಸುತ್ತಿಗೆ ಪ್ರತಿ ಅಂಕಣ ತನ್ನ ಒಳಗಿನದಕ್ಕಿಂತ ಸುಮಾರು 7.67 ಮೀಟರ್ ಉದ್ದ. ಟ್ರ್ಯಾಕ್ 200 ಮೀಟರಿನದಿರಲಿ, 400 ಮೀಟರಿನದಿರಲಿ, ಈ ಲೆಕ್ಕ ಬದಲಾಗದು. ತ್ರಿಜ್ಯ ಎಷ್ಟಿದ್ದರೂ ಹೆಚ್ಚಾಗುವುದು ಅಂಕಣದ ಅಗಲ ಮಾತ್ರ ತಾನೇ. ಹಾಗಾಗಿ ದೊಡ್ಡ ಕ್ರೀಡಾಂಗಣದಲ್ಲಿ ಅರ್ಧ ಸುತ್ತಿಗೆ ಮುಗಿಯುವ 200 ಮೀಟರ್ ಓಟ ಹೋಬಳಿಯಲ್ಲಿ ಪೂರ್ತಿ ಸುತ್ತಾಗುತ್ತದೆ. ಆರನೇ ಅಂಕಣದ ಹುಡುಗಿ ಒಂದನೆಯವಳಿಗಿಂತ 38 ಮೀಟರ್ ಮುಂದೆ ನಿಂತಿರುತ್ತಾಳೆ. ಬೇಲಿಯಾಚೆ ನಿಂತ ಊರಿನವರು ಅದನ್ನು ನೋಡಿ ‘ಮೋಸ, ಮೋಸ’ ಎಂದು ಕೂಗುವುದೂ, ಮೇಷ್ಟ್ರು ಕೇಳಿಸದವರಂತೆ ವಿಸಿಲ್ ಊದುವುದೂ ವಾಡಿಕೆ.

ಟ್ರ್ಯಾಕ್ ಹೇಗೋ ಆಗುತ್ತದೆ. ನೇರ 100 ಮೀಟರಿಗೆ ಜಾಗ ಸಿಗುವುದು ಕಷ್ಟ. ಓಡಿದವರು ನಿಲ್ಲುವುದಕ್ಕೂ ಇನ್ನಷ್ಟು ಜಾಗ ಬೇಕಲ್ಲ. ಮೈದಾನದ ಮೂಲೆಯಿಂದ ಮೂಲೆಗೆ ಗೆರೆ ಎಳೆಯುತ್ತಾರೆ, ಗೋಡೆಯ ಹತ್ತಿರ ನಾಲ್ಕು ಜನರನ್ನು ಕೈಚಾಚಿ ನಿಲ್ಲಿಸುತ್ತಾರೆ. ಸರ್ಕಾರ ಕೊಟ್ಟ ಕಪ್ಪು ಬೂಟು ಓಟಕ್ಕೆ ಬಾರದು, ಹೆಚ್ಚಿನ ಮಕ್ಕಳು ಅದನ್ನು ಬಿಚ್ಚಿಟ್ಟು ಬರಿಗಾಲಲ್ಲೇ ಓಡುತ್ತಾರೆ. ಆಗಸ್ಟಿನ ಮಳೆಗೆ ನೆನೆದ ನೆಲದಲ್ಲಿ ಒಂದು ರೀತಿಯಲ್ಲಿ ಅದೇ ವಾಸಿ.

ಈ ಮೇಷ್ಟ್ರುಗಳೆಷ್ಟು ಜನ ಇದ್ದಾರೆ ಎನ್ನುವುದು ಬೇರೆ ಸಂಕಟ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಶಾಲೆಗೆ ಆಟದ ಮೈದಾನ ಇರಬೇಕೆಂದಿದೆ. ಆರರಿಂದ ಎಂಟನೇ ತರಗತಿಯವರೆಗೆ ನೂರಕ್ಕಿಂತ ಹೆಚ್ಚು ಮಕ್ಕಳಿದ್ದರೆ ದೈಹಿಕ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರು ಬೇಕೆಂದೂ ಇದೆ. ನಮ್ಮ ಹಳ್ಳಿ ಶಾಲೆಗಳಲ್ಲಿ ನೂರು ಮಕ್ಕಳಿರುವುದೇ ಅಪರೂಪ. ಹಾಗಾಗಿ ಕಾನೂನೇ ಅವನ್ನು ಹೊರಗಿಟ್ಟಂತಾಯಿತು. ಅಲ್ಲಿ ಮಕ್ಕಳನ್ನು ತಯಾರು ಮಾಡುವವರು ವಿಜ್ಞಾನದ ಮೇಡಮ್ಮೋ ಹಿಂದಿ ಮೇಷ್ಟ್ರೋ ಆಗಿರುತ್ತಾರೆ, ಅದೂ ಅವರಿಗೆ ಆಸಕ್ತಿ ಇದ್ದರೆ. ಇರುವ ದೈಹಿಕ ಶಿಕ್ಷಕರಿಗೂ ತಮ್ಮನ್ನು ಸಹಶಿಕ್ಷಕರೆಂದು ಪರಿಗಣಿಸಿಲ್ಲವೆಂಬ ಹಳೆಯ ಕೊರಗು. ದೈಹಿಕ ಶಿಕ್ಷಣದ ಬಗೆಗಿನ ಪ್ರೊ. ಎಲ್.ಆರ್. ವೈದ್ಯನಾಥನ್ ವರದಿ ಜಾರಿ ಮಾಡಿ ಎಂದು ಕೇಳುತ್ತಲೇ ಬಂದಿದ್ದಾರೆ, ಕ್ರೀಡಾಕೂಟ ಬಹಿಷ್ಕರಿಸುವ ಎಚ್ಚರಿಕೆ ಕೊಟ್ಟದ್ದೂ ಉಂಟು. ಹಾಗಿದ್ದೂ ಮಾರನೆಯ ದಿನ ಸುಣ್ಣದ ಪುಡಿ ಹಿಡಿದು ಬರುವವರು ಅವರೇ.

ಕಾಲವೂ ಎದುರಾಳಿಯೇ. ರಾಮನಾಥಪುರದ ಕಡೆ ಆಗಸ್ಟ್ ಎಂದರೆ ಹೊಗೆಸೊಪ್ಪು ಮುರಿದು ಬ್ಯಾರನ್ನಿನಲ್ಲಿ ಬೇಯಿಸುವ ಸುಗ್ಗಿ. ರಾತ್ರಿ ಬೆಂಕಿ ಕಾಯುವ ಮನೆಯಲ್ಲಿ ಬೆಳಗಿನ ಐದಕ್ಕೆ ಎದ್ದು ಅಭ್ಯಾಸಕ್ಕೆ ಹೋಗುತ್ತೇನೆನ್ನುವ ಮಗನಿಗೆ ಅಪ್ಪನಿಂದ ಏನು ಉತ್ತರ ಬರುತ್ತದೆಂದು ಊಹಿಸಬಹುದು. ಹಾಸನ ತಾಲೂಕಿನಲ್ಲಿ ಆಲೂಗೆಡ್ಡೆ ಕೀಳುವ ಹೊತ್ತೂ ಅದೇ. ಶಾಲೆಯೊಳಗೆ ನೋಡಿದರೆ ಪ್ರತಿಭಾ ಕಾರಂಜಿಯ ಅಭ್ಯಾಸವೂ ಆಗಲೇ ನಡೆಯುತ್ತಿರುತ್ತದೆ. ಓಡುವ ಹುಡುಗಿಯೇ ಜಾನಪದ ನೃತ್ಯಕ್ಕೂ ಬೇಕು.

ಇಷ್ಟೆಲ್ಲದರ ನಡುವೆಯೂ ಏಣಿ ಏರಿದವರಿದ್ದಾರೆ. ಅರಕಲಗೂಡು ತಾಲೂಕಿನ ಎಚ್.ಎನ್. ಗಿರೀಶ ಅವರ ಹೆಸರು ಅಲ್ಲಿನ ಮಕ್ಕಳಿಗೆ ಗೊತ್ತಿದ್ದರೆ ನನಗೆ ಸಂತೋಷ. ಗೊತ್ತಿಲ್ಲದಿದ್ದರೆ ಹೇಳಿಕೊಡಬೇಕು. ಹುಟ್ಟಿನಿಂದಲೇ ಕಾಲಿನ ಊನವಿದ್ದ ಈ ರೈತ ಸೀಮೆಯ ಹುಡುಗ 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನ ಎತ್ತರ ಜಿಗಿತದಲ್ಲಿ 1.74 ಮೀಟರ್ ಹಾರಿ ಬೆಳ್ಳಿ ಗೆದ್ದರು. ಆ ಕೂಟದಲ್ಲಿ ಇಡೀ ಭಾರತಕ್ಕೆ ಬಂದದ್ದು ಅದೊಂದೇ ಪದಕ. ಚಿನ್ನ ಗೆದ್ದ ಫಿಜಿಯ ಇಲಿಯೇಸಾ ಡೆಲಾನಾ ಹಾರಿದ್ದೂ 1.74 ಮೀಟರೇ. ಕಂಚು ಪಡೆದ ಪೋಲೆಂಡಿನವರದೂ ಅಷ್ಟೇ. ಯಾರು ಎಷ್ಟು ಸಲ ತಪ್ಪಿದರು ಎಂಬ ಲೆಕ್ಕದ ಮೇಲೆ ಸ್ಥಾನ ನಿರ್ಧಾರವಾಯಿತು. 2013ರಲ್ಲಿ ಪದ್ಮಶ್ರೀ, 2014ರಲ್ಲಿ ಅರ್ಜುನ ಪ್ರಶಸ್ತಿ.

ಅವರು ಹಾರಿದ್ದು ಕತ್ತರಿ ಶೈಲಿಯಲ್ಲಿ. ಅಡ್ಡಪಟ್ಟಿಯ ಮೇಲೆ ಒಂದಾದ ಮೇಲೊಂದು ಕಾಲು ಹಾಯಿಸಿ ನಿಂತ ಭಂಗಿಯಲ್ಲೇ ಇಳಿಯುವುದು. ಬೆನ್ನು ಕೆಳಗೆ ಮಾಡಿ ಹಾರುವ ಫಾಸ್‌ಬರಿ ಶೈಲಿ 1968ರ ಮೆಕ್ಸಿಕೊ ಒಲಿಂಪಿಕ್ಸ್‌ನಿಂದ ಜಗತ್ತಿನಲ್ಲೆಲ್ಲ ಹಬ್ಬಿದೆ. ಆದರೆ ಅದಕ್ಕೆ ದಪ್ಪನೆಯ ಫೋಮ್ ಹಾಸಿಗೆ ಬೇಕು, ಮರಳಿನ ಮೇಲೆ ಬೆನ್ನು ಹಾಕಿದರೆ ಆಸ್ಪತ್ರೆಯೇ. ನಮ್ಮ ಹೋಬಳಿ ಶಾಲೆಗಳಲ್ಲಿರುವುದು ಮರಳಿನ ಗುಂಡಿ, ಹಾಗಾಗಿ ಮಕ್ಕಳು ಇಂದಿಗೂ ಹಾರುವುದು ಕತ್ತರಿಯನ್ನೇ. ಗಿರೀಶ ಆ ಶೈಲಿ ಹಿಡಿದದ್ದಕ್ಕೆ ಅವರ ಕಾಲಿನ ಸ್ಥಿತಿಯೂ ಕಾರಣವಿದ್ದೀತು. ಏನೇ ಇರಲಿ, ಮರಳು ಗುಂಡಿಯ ಜಿಗಿತ ಲಂಡನ್ನಿನ ವೇದಿಕೆ ಹತ್ತಿದೆ. ಹಾಸನದಲ್ಲಿ ಹುಟ್ಟಿದ ಸುಹಾಸ್ ಯತಿರಾಜ್ ಬ್ಯಾಡ್ಮಿಂಟನ್ನಿನಲ್ಲಿ ಟೋಕಿಯೊ, ಪ್ಯಾರಿಸ್ ಎರಡೂ ಪ್ಯಾರಾಲಿಂಪಿಕ್ಸ್‌ಗಳಲ್ಲಿ ಬೆಳ್ಳಿ ಗೆದ್ದಿದ್ದಾರೆ. ಇಂಥ ಇಬ್ಬರನ್ನು ಕೊಟ್ಟ ಜಿಲ್ಲೆಯ ಹೋಬಳಿ ಕೂಟದಲ್ಲಿ ಅಂಗವಿಕಲ ಮಕ್ಕಳಿಗೆಂದು ಒಂದು ಓಟ, ಒಂದು ಜಿಗಿತ ಇಟ್ಟದ್ದನ್ನು ಕಾಣುವುದು ಅಪರೂಪ. ಇದು ನಾಚಿಕೆಯ ವಿಷಯ.

ಗುಂಪು ಆಟಗಳಿಗೆ ಬರೋಣ. ಕಬಡ್ಡಿ, ಖೊಖೊ, ವಾಲಿಬಾಲ್, ಥ್ರೋಬಾಲ್ ಇವು ನಮ್ಮ ಕೂಟಗಳ ಜೀವಾಳ. ಜನ ಸೇರುವುದೂ ಜಗಳ ಆಗುವುದೂ ಇಲ್ಲಿಯೇ. ಆಸ್ಟ್ರೇಲಿಯಾದ ಶಾಲೆಗಳಲ್ಲಿ ಟಚ್ ಫುಟ್‌ಬಾಲ್ ಎಂಬ ಆಟವಿದೆ. ನಮ್ಮ ಮಕ್ಕಳು ನೋಡಿದರೆ ‘ಇದು ನಮ್ಮದೇ’ ಅನ್ನುತ್ತಾರೆ. ಹೆಸರಿಗೆ ಫುಟ್‌ಬಾಲ್, ಚೆಂಡನ್ನು ಒದೆಯುವ ಹಾಗಿಲ್ಲ. ಕೈಯಲ್ಲಿ ಹಿಡಿದು ಓಡಬೇಕು, ಹಿಂದಕ್ಕಷ್ಟೇ ಎಸೆಯಬೇಕು. ರಗ್ಬಿಯಲ್ಲಿ ಮೈಮೇಲೆ ಬಿದ್ದು ಉರುಳಿಸುವ ಕಡೆ ಇಲ್ಲಿ ಬರೀ ಮುಟ್ಟಿದರೆ ಸಾಕು. ಆರು ಸಲ ಮುಟ್ಟಿಸಿಕೊಂಡರೆ ಚೆಂಡು ಎದುರಾಳಿಗೆ. ಗೆರೆಯಾಚೆ ಚೆಂಡು ಊರಿದರೆ ಒಂದು ಅಂಕ. ಒಂದು ಬದಿಗೆ ಆರು ಜನ, ಹುಡುಗ ಹುಡುಗಿಯರು ಕೂಡಿಯೂ ಆಡುತ್ತಾರೆ. 1960ರ ದಶಕದಲ್ಲಿ ಸಿಡ್ನಿಯ ರಗ್ಬಿ ಲೀಗ್ ಆಟಗಾರರ ಅಭ್ಯಾಸದಿಂದ ಹುಟ್ಟಿದ್ದು ಇದು. ಕಬಡ್ಡಿಯಲ್ಲಿ ದಾಳಿ ಮಾಡುವವನು ಮುಟ್ಟಿ ಓಡುತ್ತಾನೆ, ಅಲ್ಲಿ ತಡೆಯುವವನು ಮುಟ್ಟುತ್ತಾನೆ. ಖೊಖೊದಲ್ಲಿ ಅಟ್ಟಿಸಿಕೊಂಡು ಹೋಗಿ ಮುಟ್ಟುವ ನಮ್ಮ ಹುಡುಗಿಯರಿಗೆ ಅದನ್ನು ಕಲಿಯಲು ಒಂದು ಸಂಜೆ ಹಿಡಿಯಲಾರದು.

ಆ ಆಟವನ್ನು ಇಲ್ಲಿಗೆ ತನ್ನಿ ಎಂದು ಹೇಳಲು ಇದನ್ನು ಬರೆಯುತ್ತಿಲ್ಲ. ನಮ್ಮಲ್ಲಿ ಮುಟ್ಟುವ ಆಟಗಳಿಗೆ ಬರವಿಲ್ಲ. ನನಗೆ ಹಿಡಿಸಿದ್ದು ಅಲ್ಲಿನ ಶಾಲೆಗಳು ಓಟದ ಕೂಟವನ್ನು ನಡೆಸುವ ರೀತಿ. ಅಲ್ಲೂ ಶಾಲೆ, ವಲಯ, ಪ್ರಾಂತ, ರಾಜ್ಯ ಎಂಬ ಏಣಿ ಇದೆ, ಥೇಟ್ ನಮ್ಮ ಹಾಗೆ. ಆದರೆ ಕೆಳಗಿನ ಮೆಟ್ಟಿಲಲ್ಲಿ ಶಾಲೆಯ ಮಕ್ಕಳನ್ನೆಲ್ಲ ಬಣ್ಣದ ತಂಡಗಳಾಗಿ ಹಂಚಿರುತ್ತಾರೆ. ಗೆದ್ದವರಷ್ಟೇ ಅಲ್ಲ, ಸುಮ್ಮನೆ ಓಡಿ ಗೆರೆ ಮುಟ್ಟಿದ ಮಗುವೂ ತನ್ನ ಬಣ್ಣಕ್ಕೆ ಅಂಕ ತಂದುಕೊಡುವ ವ್ಯವಸ್ಥೆ ಬಹಳ ಶಾಲೆಗಳಲ್ಲಿದೆ. ಎಂಟನೆಯವಳಾಗಿ ಬಂದ ಹುಡುಗಿಗೂ ತನ್ನ ಓಟದಿಂದ ಏನೋ ಆಯಿತು ಎಂಬ ಲೆಕ್ಕ ಸಿಗುತ್ತದೆ. ನಮ್ಮ ಕೂಟದಲ್ಲಿ 5, 3, 1 ಎಂದು ಮೂರನೆಯವರವರೆಗೆ ಅಂಕ, ಉಳಿದವರಿಗೆ ಮಧ್ಯಾಹ್ನದ ಅನ್ನ ಸಾಂಬಾರು.

ಅಭ್ಯಾಸ ಅನ್ನುವುದು ಪಂದ್ಯದಿಂದಲೇ ಬರುವುದು. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೊಖೊ ವಿಶ್ವಕಪ್ ನಡೆಯಿತು. ಭಾರತದ ಮಹಿಳೆಯರು ಫೈನಲ್‌ನಲ್ಲಿ ನೇಪಾಳವನ್ನು 78–40ರಿಂದ ಸೋಲಿಸಿದರು, ಪುರುಷರೂ ಗೆದ್ದರು. ಆ ಮಹಿಳಾ ತಂಡದಲ್ಲಿ ಆಡಿದ ಬಿ. ಚೈತ್ರಾ ಮೈಸೂರು ಜಿಲ್ಲೆ ತಿರುಮಕೂಡಲು ನರಸೀಪುರ ತಾಲೂಕಿನ ಕುರುಬೂರಿನವರು. ಖೊಖೊ ಬೇರುಬಿಟ್ಟಿರುವ ಊರು ಅದು. ಹಾಸನದ ತಂಡಗಳು ವಿಭಾಗ ಮಟ್ಟಕ್ಕೆ ಹೋದಾಗ ಎದುರಾಗುವುದು ಇಂಥ ಊರುಗಳ ಮಕ್ಕಳು. ಅವರು ವರ್ಷವಿಡೀ ಆಡಿ ಬಂದಿರುತ್ತಾರೆ. ನಮ್ಮವರು ಹೋಬಳಿಯಲ್ಲಿ, ತಾಲೂಕಿನಲ್ಲಿ, ಜಿಲ್ಲೆಯಲ್ಲಿ ಆಡಿದ ಬೆರಳೆಣಿಕೆಯ ಪಂದ್ಯಗಳ ಅನುಭವ ಹೊತ್ತು ಹೋಗಿರುತ್ತಾರೆ. ಅದು ಗೆದ್ದವರ ಕತೆ. ಮೊದಲ ಸುತ್ತಿನಲ್ಲೇ ಸೋತ ಹಳೇಕೋಟೆಯದೋ ಬಾಗೂರಿನದೋ ಹುಡುಗರು ‘ಇನ್ನೊಂದ್ ಮ್ಯಾಚ್ ಇಲ್ವಾ ಸಾ?’ ಎಂದು ಕೇಳಿದರೆ ಮೇಷ್ಟ್ರ ಬಳಿ ಇರುವ ಉತ್ತರ ‘ಮುಂದಿನ್ ವರ್ಷ ಕಣೋ’ ಎಂಬುದೊಂದೇ. ಏಳನೇ ತರಗತಿಯವನಿಗೆ ಮುಂದಿನ ವರ್ಷವೆಂದರೆ ಬೇರೆ ಶಾಲೆ.

ಇದಕ್ಕೆ ದಾರಿ ಇಲ್ಲವೆ? ಲೆಕ್ಕ ಹಾಕಿ ನೋಡೋಣ. ಎಂಟು ತಂಡಗಳ ನಾಕೌಟ್‌ಗೆ ಏಳು ಪಂದ್ಯ. ಅದೇ ಎಂಟನ್ನು ನಾಲ್ಕು ನಾಲ್ಕರ ಎರಡು ಗುಂಪು ಮಾಡಿ ಲೀಗ್ ಆಡಿಸಿದರೆ ಗುಂಪಿಗೆ ಆರರಂತೆ ಹನ್ನೆರಡು ಪಂದ್ಯ, ಗುಂಪಿನ ಮೊದಲಿಗರ ನಡುವೆ ಫೈನಲ್ ಒಂದು, ಒಟ್ಟು ಹದಿಮೂರು. ಪ್ರತಿ ತಂಡಕ್ಕೂ ಕಡೇಪಕ್ಷ ಮೂರು ಪಂದ್ಯ. ಕಿರಿಯರ ಕಬಡ್ಡಿಗೆ 15 ನಿಮಿಷದ ಎರಡು ಅವಧಿ, ನಡುವೆ ಐದು ನಿಮಿಷ ವಿರಾಮ. ಹೋಬಳಿಯಲ್ಲಿ ಹೊತ್ತು ಸಾಲದೆ ಅವಧಿ ಮೊಟಕು ಮಾಡುವುದು ಈಗಲೂ ಇದ್ದದ್ದೇ. ಹತ್ತು ನಿಮಿಷದ ಅವಧಿ ಇಟ್ಟುಕೊಂಡರೆ ಪಂದ್ಯಕ್ಕೆ 25 ನಿಮಿಷ. ಒಂದೇ ಅಂಕಣವಿದ್ದರೆ ಹೆಚ್ಚುಕಡಿಮೆ ಐದೂವರೆ ಗಂಟೆ, ಎರಡಿದ್ದರೆ ಮೂರು ಗಂಟೆ. ಪುರುಷರ ಕಬಡ್ಡಿ ಅಂಕಣವೇ 13 ಮೀಟರ್ ಉದ್ದ, 10 ಮೀಟರ್ ಅಗಲ. ಮಕ್ಕಳದು ಇನ್ನೂ ಚಿಕ್ಕದು. ಇನ್ನೊಂದು ಅಂಕಣಕ್ಕೆ ಬೇಕಾದದ್ದು ಅರ್ಧ ಚೀಲ ಸುಣ್ಣ, ಇನ್ನಿಬ್ಬರು ತೀರ್ಪುಗಾರರು. ತೀರ್ಪುಗಾರರ ಕೊರತೆಯಿದ್ದರೆ ಊರಿನಲ್ಲಿ ಹಿಂದೆ ಜಿಲ್ಲಾಮಟ್ಟಕ್ಕೆ ಆಡಿ ಬಂದ ಹಳೆಯ ಆಟಗಾರರಿರುತ್ತಾರೆ. ಕರೆದರೆ ಬೇಡವೆನ್ನುವವರಲ್ಲ.

ಮೂರು ಗಂಟೆ ಎಲ್ಲಿಂದ ತರುವುದು ಎಂದರೆ ಉದ್ಘಾಟನೆಯ ಭಾಷಣಗಳಿಂದ ಒಂದು ಗಂಟೆಯನ್ನಂತೂ ಧಾರಾಳವಾಗಿ ತರಬಹುದು.

ಆಕ್ಷೇಪಣೆ ಬರುವುದು ಬೇರೆ ಕಡೆಯಿಂದ: ಪಾಠ ಹಾಳಾಗುತ್ತದೆ ಎಂದು. 2019ರಲ್ಲಿ ಹಾಸನ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ರಾಜ್ಯಕ್ಕೇ ಮೊದಲು ಬಂತು. ಹೆಮ್ಮೆಯ ವಿಷಯ, ಅನುಮಾನವಿಲ್ಲ. ಆದರೆ ಒಮ್ಮೆ ಮೊದಲು ಬಂದ ಜಿಲ್ಲೆಗೆ ಆ ಜಾಗ ಉಳಿಸಿಕೊಳ್ಳುವ ಭಯ ಹತ್ತಿಕೊಳ್ಳುತ್ತದೆ. ಪ್ರೌಢಶಾಲೆಯ ಪಿಟಿ ಪೀರಿಯಡ್ಡು ಮೊದಲು ಗಣಿತಕ್ಕೆ, ಆಮೇಲೆ ವಿಜ್ಞಾನಕ್ಕೆ ಹೋಗುತ್ತದೆ. ಹತ್ತನೆಯವರು ಕೂಟಕ್ಕೆ ಬರುವುದೇ ಬೇಡ ಎನ್ನುವ ಮುಖ್ಯಶಿಕ್ಷಕರೂ ಇದ್ದಾರೆ. ಪೋಷಕರೂ ಹೂಂ ಎನ್ನುತ್ತಾರೆ. ಮುಂದೆ ವೃತ್ತಿಪರ ಕೋರ್ಸಿನ ಸೀಟಿಗೆ ಕ್ರೀಡಾ ಕೋಟಾ ಇದೆ ಎಂದು ಗೊತ್ತಾದಾಗ ಅದೇ ಪೋಷಕರು ಹಳೆಯ ಪ್ರಮಾಣಪತ್ರಗಳನ್ನು ಬೀರುವಿನಲ್ಲಿ ಹುಡುಕುತ್ತಾರೆ. ಅದನ್ನು ಬಿಟ್ಟರೂ, ಹೋಬಳಿ ಕೂಟಕ್ಕೆ ಹೇಗಿದ್ದರೂ ಮಕ್ಕಳು ಆ ದಿನವೆಲ್ಲ ಹೋಗಿಯೇ ಹೋಗುತ್ತಾರೆ. ಬೆಳಿಗ್ಗೆ ಹತ್ತೂವರೆಗೆ ಸೋತ ತಂಡ ಸಂಜೆ ವಾಹನ ಹೊರಡುವವರೆಗೆ ಮರದ ಕೆಳಗೆ ಕೂತಿರುತ್ತದೆ. ಪಾಠ ತಪ್ಪಿದ್ದು ತಪ್ಪಿತು, ಆ ಹೊತ್ತಿನಲ್ಲಿ ಇನ್ನೆರಡು ಪಂದ್ಯ ಆಡಿದರೆ ಕಳೆದುಕೊಳ್ಳುವುದೇನು?

ಇನ್ನೊಂದು ಆಕ್ಷೇಪಣೆಗೆ ತೂಕವಿದೆ. ಲೀಗ್ ಆಡಿದರೆ ದಣಿವು, ಗಾಯ ಹೆಚ್ಚು, ದುರ್ಬಲ ತಂಡ ಮೂರು ಸಲ ಸೋತು ಇನ್ನಷ್ಟು ಕುಗ್ಗುತ್ತದೆ ಎಂಬುದು. ದಣಿವಿನ ಮಾತು ಸರಿ, ಅದಕ್ಕೇ ಅವಧಿ ಹತ್ತು ನಿಮಿಷಕ್ಕೆ ಇಳಿಸಬೇಕು, ನೀರು, ಪಟ್ಟಿ, ಐಸ್ ಇರುವ ಒಂದು ಮೇಜು ಬೇಕು. ಕುಗ್ಗುವ ಮಾತು ನಾನು ಒಪ್ಪುವುದಿಲ್ಲ. ಮೊದಲ ಪಂದ್ಯದಲ್ಲಿ ಎದುರಾಳಿಯ ಕಾಲು ಹಿಡಿಯಲೂ ಹೆದರಿದ ಹುಡುಗ ಮೂರನೆಯದರಲ್ಲಿ ಹಿಡಿದೇ ಹಿಡಿಯುತ್ತಾನೆ. ಗುಂಪಿನಲ್ಲಿ ತಮ್ಮಷ್ಟೇ ಬಲದ ತಂಡವೂ ಒಂದಾದರೂ ಸಿಕ್ಕೀತು.

ಇದಕ್ಕೆ ಹೊಸ ಆದೇಶ, ಹೊಸ ಅನುದಾನ ಬೇಕಾಗಿಲ್ಲ. ಹೋಬಳಿ ಕೂಟದ ವೇಳಾಪಟ್ಟಿ ತಯಾರಾಗುವುದು ಬೆಂಗಳೂರಿನಲ್ಲಲ್ಲ. ಆತಿಥ್ಯ ವಹಿಸಿದ ಶಾಲೆಯ ಸ್ಟಾಫ್ ರೂಮಿನಲ್ಲಿ, ಪಿಟಿ ಮೇಷ್ಟ್ರುಗಳ ಸಭೆಯಲ್ಲಿ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಈ ನಾಲ್ಕು ತಾಲೂಕುಗಳಲ್ಲಿ ತಾಲೂಕಿಗೊಂದು ಹೋಬಳಿಯಲ್ಲಾದರೂ, 14 ವರ್ಷದೊಳಗಿನವರ ಕಬಡ್ಡಿ ಮತ್ತು ಖೊಖೊ ಎರಡಕ್ಕಾದರೂ, ಈ ಆಗಸ್ಟಿನಲ್ಲಿ ಲೀಗ್ ಆಡಿಸಿ ನೋಡಿ. ಕ್ಷೇತ್ರ ಶಿಕ್ಷಣಾಧಿಕಾರಿಗಳು ಬೇಡವೆನ್ನದೆ ಸುಮ್ಮನಿದ್ದರೂ ಸಾಕು.